40 ವರ್ಷ ಹಳೆಯ ಹಾಯಿದೋಣಿ: ನೀರು ಒಳಗೆ ಬರುತ್ತಿದೆ, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ

ಅಲಮೀಡಾ_ಹಾಯಿ · ಜನವರಿ 4

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ಕಡೆಯವನು. ನೀರು ಸೋರುವುದಲ್ಲ, ನೀರೇ ಬಾರದಿರುವುದು ನಮ್ಮ ಊರಿನ ಕಷ್ಟ. ಈಗ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲಮೀಡಾದಲ್ಲಿ ಹಾಯಿದೋಣಿ ಇಟ್ಟುಕೊಂಡು ಉಲ್ಟಾ ಕಷ್ಟ ಅನುಭವಿಸುತ್ತಿದ್ದೇನೆ.

ದೋಣಿ 30 ಅಡಿ, 1984ರದ್ದು, ಫೈಬರ್‌ಗ್ಲಾಸ್. ಒಳಗೆ ಸಣ್ಣ ಡೀಸೆಲ್ ಎಂಜಿನ್. ಕೀಲ್, ಅಂದರೆ ದೋಣಿ ಮಗುಚದಂತೆ ತಳದಲ್ಲಿರುವ ಭಾರದ ರೆಕ್ಕೆ, ಸೀಸದ್ದು, ಬೋಲ್ಟ್ ಹಾಕಿ ಕೂರಿಸಿದ್ದು. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಡೆಕ್ ಎಂಬ ಮೇಲ್ಹಾಸಿನ ಮೇಲೆಯೇ ನಿಂತಿದೆ, ಒಳಗೆ ಇಳಿದಿಲ್ಲ. ಕಳೆದ ಬೇಸಿಗೆಯಲ್ಲಿ ಕೊಂಡೆ. ಇಲ್ಲಿ ಬೇಸಿಗೆಯಲ್ಲಿ ಮಳೆ ಅನ್ನುವುದೇ ಇಲ್ಲ, ಹಾಗಾಗಿ ದೋಣಿ ಒಣಗಿಕೊಂಡು ಸಾಧುವಾಗಿತ್ತು. ನವೆಂಬರ್‌ನಲ್ಲಿ ಮಳೆ ಶುರುವಾಯಿತು ನೋಡಿ. ಬಲಗಡೆ ಸೀಟಿನ ಹಿಂದಿನ ಲಾಕರ್‌ನಲ್ಲಿ ಇಟ್ಟಿದ್ದ ಅಕ್ಕಿ, ಬಟ್ಟೆ ಎಲ್ಲಾ ಒದ್ದೆ. ಬಿಲ್ಜ್‌ನಲ್ಲಿ, ಅಂದರೆ ದೋಣಿಯ ಹೊಟ್ಟೆಯ ತಳದ ಗುಂಡಿಯಲ್ಲಿ, ವಾರಕ್ಕೆ ಒಂದು ಬಕೆಟ್‌ಗೂ ಮಿಕ್ಕಿ ನೀರು. ಹಿಂದಿನ ಮಾಲೀಕ ಕಂಡಕಂಡ ಸ್ಕ್ರೂ ಸುತ್ತ ಸಿಲಿಕಾನ್ ಬಳಿದಿದ್ದಾನೆ. ನಾನೂ ಅದರ ಮೇಲೆ ಇನ್ನೊಂದು ಟ್ಯೂಬ್ ಖಾಲಿ ಮಾಡಿದೆ. ಏನೂ ಪ್ರಯೋಜನ ಆಗಿಲ್ಲ.

ಎಲ್ಲಿಂದ ಶುರು ಮಾಡಲಿ?

ಜಯನಗರ_4ನೇ_ಬ್ಲಾಕ್ · ಜನವರಿ 4

ದೋಣಿ ಗೊತ್ತಿಲ್ಲ ಸರ್, ಆದರೆ ನಮ್ಮ ಮನೆ ತಾರಸಿ ಇದೇ ಆಟ ಆಡಿಸಿತ್ತು. ಹಾಲ್‌ನಲ್ಲಿ ಫ್ಯಾನ್ ಹತ್ತಿರ ತೊಟ್ಟಿಕ್ಕುತ್ತಿತ್ತು, ಬಿರುಕು ಇದ್ದದ್ದು ಸಂಪಿನ ಪೈಪ್ ಮೇಲೆ ಹೋಗುವ ಮೂಲೆಯಲ್ಲಿ, ಹದಿನೈದು ಅಡಿ ಆಚೆ. ತೊಟ್ಟಿಕ್ಕುವ ಜಾಗವನ್ನು ನಂಬಬೇಡಿ.

ಸಿಯಾಟಲ್_ಸೋನೆ · ಜನವರಿ 5

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹನ್ನೊಂದು ವರ್ಷದಿಂದ 1976ರ ದೋಣಿಯೊಂದನ್ನು ಸಾಕುತ್ತಿದ್ದೇನೆ, ಅದೂ ಸೋನೆ ಮಳೆಯ ಊರಲ್ಲಿ. ಮೊದಲು ಆ ಸಿಲಿಕಾನ್ ಟ್ಯೂಬ್ ಕೆಳಗಿಡಿ. ಎಲ್ಲಿಂದ ಬರುತ್ತಿದೆ ಅನ್ನುವುದು ಎರಡನೇ ಪ್ರಶ್ನೆ. ಬರುತ್ತಿರುವುದು ಯಾವ ನೀರು ಅನ್ನುವುದು ಮೊದಲನೆಯದು.

ದೋಣಿಯೊಳಗೆ ನಿಲ್ಲುವ ನೀರು ನಾಲ್ಕು ಬಗೆ: ಮಳೆ ನೀರು, ಕಡಲ ನೀರು, ನಿಮ್ಮದೇ ಕುಡಿಯುವ ಟ್ಯಾಂಕಿನ ನೀರು, ಮತ್ತೆ ನಿಮ್ಮ ಉಸಿರೇ ತಣ್ಣನೆಯ ಗೋಡೆಗೆ ತಾಗಿ ಇಳಿಯುವ ಬೆವರು. ಹಳೇ ದೋಣಿಯಲ್ಲಿ ಐಸ್‌ಬಾಕ್ಸಿನ ತೂತು ನೇರ ಬಿಲ್ಜ್‌ಗೇ ಬಿಟ್ಟಿರುತ್ತಾರೆ, ಅದನ್ನೂ ನೋಡಿ. ನನ್ನ ಗೆಳತಿಯೊಬ್ಬಳು ಒಂದು ಇಡೀ ಬೇಸಿಗೆ ಕೀಲ್ ಬೋಲ್ಟ್ ಸೋರುತ್ತಿದೆ ಅಂತ ನಿದ್ದೆಗೆಟ್ಟಳು. ಕಡೆಗೆ ನೋಡಿದರೆ ಕರಗಿದ ಐಸು.

ಹಳಬರು ನಾಲಿಗೆಗೆ ಹಚ್ಚಿ ನೋಡಿ ಅನ್ನುತ್ತಾರೆ. ಮಾಡಬೇಡಿ. ಡೀಸೆಲ್ಲು, ಎಂಜಿನ್ ಕೂಲೆಂಟು ಎಲ್ಲಾ ಸೇರಿರುತ್ತದೆ, ಕೂಲೆಂಟ್ ವಿಷ. ಊರಿಂದ ಬರುವಾಗ ಆರ್‌ಓ ನೀರು ನೋಡಲಿಕ್ಕೆ ಪೆನ್ನಿನಂಥ ಟಿಡಿಎಸ್ ಮೀಟರ್, ನೀರಲ್ಲಿ ಕರಗಿದ ಉಪ್ಪು ಅಳೆಯುವಂಥದ್ದು, ತಂದಿದ್ದೀರಲ್ಲ, ಅದನ್ನು ಅದ್ದಿ. ಅದಕ್ಕೂ ಮುಂಚೆ ಬಿಲ್ಜನ್ನು ಸಿಹಿನೀರಲ್ಲಿ ಮೂರು ಸಲ ತೊಳೆದು, ಸ್ಪಂಜಿನಲ್ಲಿ ಒರೆಸಿ ಒಣಗಿಸಿ. ಹಳೇ ಉಪ್ಪು ತಳದಲ್ಲೇ ಕೂತಿರುತ್ತೆ. ತೊಳೆಯದೆ ಅಳೆದರೆ ಮಳೆ ನೀರೂ ಕಡಲ ನೀರಿನಂತೆ ಕಾಣುತ್ತದೆ.

ಧಾರವಾಡದ_ಗಾಳಿ · ಜನವರಿ 5

ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ನಾ ಹ್ಯೂಸ್ಟನ್‌ನ್ಯಾಗ ಇರ್ತೀನಿ, ನಮ್ಮ ಗೆಳೆಯಾನ ಪವರ್‌ಬೋಟ್‌ನ್ಯಾಗೂ ನೀರು ಬರ್ತಿತ್ತು. ಫ್ಲೋಟ್ ಸ್ವಿಚ್ ಇರೋ ದೊಡ್ಡ ಪಂಪ್ ಹಾಕಿದ್ವಿ, ಮುಗೀತು. ತಾನ ಹೊರಗ ಹಾಕ್ತೈತಿ, ನಾವು ಆರಾಮ ಮಲಗ್ತೀವಿ.

ಕಾರವಾರದ_ಚೀಫ್ · ಜನವರಿ 5

ಧಾರವಾಡದವರೇ, ಸಿಟ್ಟಾಗಬೇಡಿ, ಒಂದು ಲೆಕ್ಕ ಹೇಳುತ್ತೇನೆ. ಮೂವತ್ತು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಕಳೆದವನು, ಲೆಕ್ಕ ಬಿಟ್ಟು ಮಾತಾಡಲು ಬರುವುದಿಲ್ಲ.

ನೀರಿನ ಮಟ್ಟದಿಂದ 60 ಸೆಂ.ಮೀ. ಕೆಳಗೆ ಒಂದೂವರೆ ಇಂಚಿನ ಪೈಪ್ ಕಳಚಿತು ಅನ್ನಿ. ನಿಮಿಷಕ್ಕೆ ಸುಮಾರು 140 ಲೀಟರ್ ಒಳಗೆ ನುಗ್ಗುತ್ತದೆ. ಅಂಗಡಿಯಲ್ಲಿ ಗಂಟೆಗೆ 800 ಗ್ಯಾಲನ್ ಅಂತ ಬರೆದ ಪಂಪ್ ನಿಮಿಷಕ್ಕೆ 50 ಲೀಟರ್ ಎತ್ತುತ್ತದೆ, ಅದೂ ಪೈಪನ್ನು ಮೇಲಕ್ಕೆ ಎತ್ತದೆ ಅಳೆದಾಗ. ನಿಜವಾದ ದೋಣಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಪಂಪ್ ಬೇಕು, ಖಂಡಿತ ಬೇಕು. ಆದರೆ ಬ್ಯಾಟರಿ ಇಳಿದ ದಿನ ಅದು ಬರೀ ಪ್ಲಾಸ್ಟಿಕ್ ಡಬ್ಬಿ. ಇನ್ನೊಂದು ಮಾತು, ಪಂಪಿನ ಪೈಪು ಹೊರಗೆ ಬೀಳುವ ಬಾಯಿ ತಗ್ಗಿನಲ್ಲಿದ್ದು, ಪೈಪಿಗೆ ಎತ್ತರದ ಬಳುಕು ಕೊಡದಿದ್ದರೆ, ದೋಣಿ ವಾಲಿದಾಗ ಅದೇ ಪೈಪಿನಿಂದ ಕಡಲ ನೀರು ಹಿಂದಕ್ಕೆ ಹರಿದು ಬರುತ್ತದೆ. ನೀರು ಹೊರಹಾಕಲು ಇಟ್ಟ ಪಂಪೇ ನೀರು ತುಂಬಿಸುವ ಪಂಪಾಗುತ್ತದೆ.

ತಮ್ಮಾ ಚಳ್ಳಕೆರೆ, ಸಿಯಾಟಲ್ ಅಕ್ಕ ಹೇಳಿದ ಹಾಗೆ ತೊಳೆದು ಒಂದು ವಾರ ಬಿಡು. ಬಂದ ನೀರನ್ನು ಅಳತೆ ಜಗ್ಗಿನಲ್ಲಿ ಎತ್ತಿ ಎಷ್ಟು ಲೀಟರ್ ಅಂತ ಬರೆ. ಟಿಡಿಎಸ್ ನೋಡು. ಜೊತೆಗೆ ಹೊರಗಿನ ನೀರಿನದ್ದನ್ನೂ ನೋಡು. ಮೀಟರಿಗೆ ಅಷ್ಟು ಉಪ್ಪು ಅಳೆಯಲು ಬರುವುದಿಲ್ಲ. ಒಂದು ಲೋಟ ಹೊರಗಿನ ನೀರಿಗೆ ಒಂಬತ್ತು ಲೋಟ ಟ್ಯಾಂಕಿನ ನೀರು ಬೆರೆಸಿ ನೋಡಿ, ಬಂದದ್ದನ್ನು ಹತ್ತರಿಂದ ಗುಣಿಸು. ಮಳೆಗಾಲದಲ್ಲಿ ನಿಮ್ಮ ಕೊಲ್ಲಿಗೆ ನದಿ ನೀರು ಇಳಿದು ಉಪ್ಪು ಕಡಿಮೆಯಾಗಿರುತ್ತದೆ, ಕಡಲ ನೀರಿಗೆ ಪುಸ್ತಕ ಹೇಳುವ 35,000 ನಂಬಬೇಡ.

ಅಲಮೀಡಾ_ಹಾಯಿ · ಜನವರಿ 13

ವಾರದ ಲೆಕ್ಕ ಒಪ್ಪಿಸುತ್ತಿದ್ದೇನೆ. ವಾರದಲ್ಲಿ ಮೂರು ದಿನ ಜೋರು ಮಳೆ.

ಬಿಲ್ಜ್‌ನಲ್ಲಿ ಬಂದದ್ದು 16 ಲೀಟರ್. ಅದರ ಟಿಡಿಎಸ್ 2,600. ಟ್ಯಾಂಕಿನ ನೀರು 60. ಹೊರಗಿನದ್ದು ಚೀಫ್ ಹೇಳಿದಂತೆ ಬೆರೆಸಿ ಗುಣಿಸಿದರೆ 24,000 ಆಸುಪಾಸು. ಅಂದರೆ ಮಳೆನೀರೂ ಅಲ್ಲ, ಕಡಲ ನೀರೂ ಅಲ್ಲ. ನನಗೆ ಮೊದಲಿಗಿಂತ ಜಾಸ್ತಿ ಗೊಂದಲ.

ಕಾರವಾರದ_ಚೀಫ್ · ಜನವರಿ 13

ಗೊಂದಲ ಏನಿದೆ? ಎರಡು ಸೋರಿಕೆ ಇವೆ, ಅಷ್ಟೇ.

2,600ನ್ನು 24,000ದಿಂದ ಭಾಗಿಸು. ಹತ್ತರಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ. ಅಂದರೆ ನಿನ್ನ 16 ಲೀಟರಿನಲ್ಲಿ ಕಡಲ ನೀರು 1.7 ಲೀಟರ್, ಉಳಿದದ್ದು ಮಳೆ ಅಥವಾ ಟ್ಯಾಂಕು. 1.7 ಲೀಟರ್ ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 240 ಮಿ.ಲೀ. ಒಂದು ಮಿ.ಲೀ.ಗೆ 20 ಹನಿ ಅಂತ ಹಿಡಿದರೆ ದಿನಕ್ಕೆ 4,800 ಹನಿ. ದಿನಕ್ಕೆ 1,440 ನಿಮಿಷ. ನಿಮಿಷಕ್ಕೆ ಮೂರು ಹನಿ ಚಿಲ್ಲರೆ.

ನಿಮಿಷಕ್ಕೆ ಮೂರು ಹನಿ ಅಂದ ಕೂಡಲೇ ಹಡಗಿನವನಿಗೆ ನೆನಪಾಗುವುದು ಒಂದೇ, ಸ್ಟಫಿಂಗ್ ಬಾಕ್ಸ್. ನಾವು ಗ್ಲ್ಯಾಂಡ್ ಅನ್ನುತ್ತೇವೆ. ಎಂಜಿನ್ನಿನ ಶಾಫ್ಟ್ ದೋಣಿಯ ಹೊಟ್ಟೆ ತೂರಿ ಹೊರಗೆ ಫ್ಯಾನಿಗೆ, ಅಂದರೆ ಪ್ರೊಪೆಲರಿಗೆ, ಹೋಗುವ ಜಾಗ. ಅಲ್ಲಿ ಹಿತ್ತಾಳೆ ಬಣ್ಣದ ದೊಡ್ಡ ನಟ್ ಒಳಗೆ ಮೇಣ ಹಚ್ಚಿದ ನಾರಿನ ಹಗ್ಗ ಸುತ್ತಿ ಅಮುಕಿರುತ್ತಾರೆ. ಟಾರ್ಚ್ ಹಿಡಿದು ಎಂಜಿನ್ ಹಿಂದೆ ತಲೆ ತೂರಿಸಿ, ಗಡಿಯಾರ ನೋಡಿಕೊಂಡು ಹನಿ ಎಣಿಸು.

ಸಿಯಾಟಲ್_ಸೋನೆ · ಜನವರಿ 14

ಚೀಫ್ ಲೆಕ್ಕ ಚೆಂದ, ಒಂದೇ ತಕರಾರು. ಡೆಕ್ ಮೇಲೆ ಒಣಗಿದ ಉಪ್ಪು ಮಳೆಯಲ್ಲಿ ಕರಗಿ ಇಳಿದಿರಬಹುದಲ್ಲ? ಅದಕ್ಕೇ ನೀರು ಬರುವ ದಾರಿ ಬೇರೆ ಮಾಡಿ. ಎಂಜಿನ್ ಕಡೆಯಿಂದ ಬರುವುದು, ಮುಂದಿನಿಂದ ಬರುವುದು, ಬಲಗಡೆಯಿಂದ ಇಳಿಯುವುದು, ಮೂರಕ್ಕೂ ಪುಟ್ಟ ಕಟ್ಟೆ ಕಟ್ಟಿ. ಪ್ಲಂಬರ್ ಪುಟ್ಟಿ ಸಾಕು.

ಅಲಮೀಡಾ_ಹಾಯಿ · ಜನವರಿ 14

ಪುಟ್ಟಿ ಇರಲಿಲ್ಲ ಅಕ್ಕಾ. ಮನೆಯಲ್ಲಿ ಕಲಸಿಟ್ಟಿದ್ದ ಚಪಾತಿ ಹಿಟ್ಟು ತೆಗೆದುಕೊಂಡು ಹೋಗಿ ಕಟ್ಟೆ ಕಟ್ಟಿದೆ. ಎರಡು ಗಂಟೆ ಚೆನ್ನಾಗಿ ನಿಂತಿತು, ಆಮೇಲೆ ಗಂಜಿಯಾಯಿತು. ಈಗ ಮಗಳ ಆಟದ ಜೇಡಿ ಹಾಕಿದ್ದೇನೆ. ಅವಳು ಮಾತು ಬಿಟ್ಟಿದ್ದಾಳೆ.

ಎಂಜಿನ್ ಹಿಂದಿನ ಕಟ್ಟೆಯಲ್ಲಿ ನಿಂತ ನೀರಿಗೆ ಮೀಟರ್ ಹಾಕಿದರೆ ಅಳತೆ ಮೀರಿತು. ಹನಿ ಎಣಿಸಿದೆ, ನಿಮಿಷಕ್ಕೆ ನಾಲ್ಕು. ಚೀಫ್ ಸರ್, ಕಾಲಿಗೆ ಬಿದ್ದೆ.

ಉಳಿದ ದೊಡ್ಡ ಪಾಲು ಬಲಗಡೆಯಿಂದ. ಟಿಡಿಎಸ್ 90. ಟ್ಯಾಂಕಿಗೆ ಕೇಸರಿಬಾತಿನ ಬಣ್ಣ ಹಾಕಿದ್ದೆ, ಎಲ್ಲೂ ಕೇಸರಿ ಕಾಣಲಿಲ್ಲ. ಆದ್ದರಿಂದ ಮಳೆಯೇ.

ಮಲ್ಪೆ_ಫೈಬರ್ · ಜನವರಿ 15

ನಾನು ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವ. ನಿಮ್ಮ ನಮೂನೆಯ ಹಾಯಿದೋಣಿಯಲ್ಲಿ ಕೂತವನಲ್ಲ, ಆದ್ರೆ ಫೈಬರ್ ಎಲ್ಲಿ ಹೋದ್ರೂ ಫೈಬರೇ ಮಾರಾಯ್ರೆ.

ನಮ್ಮ ಅಜ್ಜನ ಕಾಲದ ಮರದ ದೋಣಿಗೆ ಹಲಗೆ ಸಂದಿಗೆ ಹತ್ತಿ ಹೊಡೆದು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿತಿದ್ರು. ನೀರಿಗೆ ಇಳಿಸಿದ ಮೇಲೆ ಮರ ನೀರು ಕುಡಿದು ಉಬ್ಬಿ ಸಂದಿ ತಾನೇ ಮುಚ್ಚಿಕೊಳ್ತದೆ. ಫೈಬರಿಗೆ ಆ ಗುಣ ಇಲ್ಲ. ಅಲ್ಲಿ ಬಿಟ್ಟ ಸಂದಿ ಬಿಟ್ಟದ್ದೇ.

ನಿಮ್ಮ ಡೆಕ್ ಗಟ್ಟಿ ಫೈಬರ್ ಅಲ್ಲ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇರ್ತದೆ. ಸ್ಕ್ರೂ ತೂತಿನಿಂದ ನೀರು ಇಳಿದ್ರೆ ಮೊದಲು ಆ ಮರ ಕುಡಿಯೂದು, ಅದು ಕುಡಿದು ಸಾಕಾದ ಮೇಲೆ ನಿಮ್ಮ ಅಕ್ಕಿಗೆ. ನೀವು ಒದ್ದೆ ಕಾಣುವಾಗ ಒಳಗೆ ಎಷ್ಟು ವರ್ಷದ ಕೊಳೆ ಉಂಟೋ ದೇವರಿಗೇ ಗೊತ್ತು. ಪ್ಲಾಸ್ಟಿಕ್ ಸುತ್ತಿಗೆ ಅಥವಾ ಸ್ಕ್ರೂಡ್ರೈವರಿನ ಹಿಡಿಯಿಂದ ಡೆಕ್ಕನ್ನು ಬಡಿದು ನೋಡಿ, ತೆಂಗಿನಕಾಯಿ ಬಡಿದ ಹಾಗೆ. ಟಕ್ ಟಕ್ ಅಂದ್ರೆ ಗಟ್ಟಿ ಉಂಟು. ದೊಬ್ ದೊಬ್ ಅಂದ್ರೆ ಹೋಯ್ತು. ಪೆನ್ಸಿಲಿನಲ್ಲಿ ಗೆರೆ ಎಳೆದು ಗುರುತು ಮಾಡಿ.

ಮೊದಲು ಸ್ಟ್ಯಾಂಚನ್ ಬುಡ ನೋಡಿ, ಡೆಕ್ ಅಂಚಿನಲ್ಲಿ ತಂತಿ ಹಿಡಿದು ನಿಲ್ಲುವ ಆ ಸ್ಟೀಲ್ ಕಂಬಗಳು. ಹತ್ತುವಾಗ ಎಲ್ಲರೂ ಅದನ್ನೇ ಹಿಡಿದು ಎಳೆಯೂದು. ಎರಡಡಿ ಕಂಬ, ತುದಿಯಲ್ಲಿ ಒಬ್ಬ ಮನುಷ್ಯನ ಭಾರ. ಕೆಳಗಿನ ನಾಲ್ಕು ಸಣ್ಣ ಬೋಲ್ಟ್ ಎಷ್ಟು ದಿನ ತಡೀಲಿಕ್ಕೆ ಸಾಧ್ಯ?

ಸಿಯಾಟಲ್_ಸೋನೆ · ಜನವರಿ 15

ಮಲ್ಪೆಯವರ ಮಾತಿಗೆ ಜೊತೆ ಸೇರಿಸುತ್ತೇನೆ: ಮಾಸ್ಟನ್ನು ಹಿಡಿದ ತಂತಿಗಳು ಬಂದು ಸೇರುವ ಚೈನ್‌ಪ್ಲೇಟ್. ಅದು ಡೆಕ್ ತೂರಿ ಒಳಗೆ ಹೋಗುವ ಜಾಗದಲ್ಲಿ ನೀರು ನಿಂತರೆ ಬರೀ ಸೋರಿಕೆಯಲ್ಲ. ಸ್ಟೇನ್‌ಲೆಸ್ ಸ್ಟೀಲಿಗೆ ಗಾಳಿ ಸಿಗದ, ಒದ್ದೆಯಾದ ಸಂದಿ ಅಂದರೆ ವಿಷ. ಮೇಲೆ ಕೆಳಗೆ ಫಳಫಳ, ಡೆಕ್ಕಿನ ದಪ್ಪದೊಳಗೆ ಮಾತ್ರ ಕೂದಲೆಳೆಯ ಬಿರುಕು. ಒಂದು ದಿನ ಗಾಳಿಯಲ್ಲಿ ಅದು ತುಂಡಾದರೆ ಮಾಸ್ಟೇ ಬೀಳುತ್ತದೆ. ಆದ್ದರಿಂದ ಕುಷನ್ ಒದ್ದೆಯಾಗಿದೆ ಅಂತ ಹುಡುಕಲು ಹೋದವರು ಇದೊಂದನ್ನು ಎಳೆದು ನೋಡಿಯೇ ಬರಬೇಕು.

ಈಗ ಮಳೆ ಹಾದಿ ಹಿಡಿಯುವ ಉಪಾಯ. ಒಳಗಿನ ಲೈನರ್ ಹೊದಿಕೆ ಎಲ್ಲೆಲ್ಲಿ ಬಿಚ್ಚಬಹುದೋ ಬಿಚ್ಚಿ. ಪ್ರತಿ ಬೋಲ್ಟಿನ ಕೆಳಗೆ ಮಕ್ಕಳ ನೀರಲ್ಲಿ ಅಳಿಯುವ ಸ್ಕೆಚ್ ಪೆನ್ನಿನಿಂದ ಉಂಗುರ ಬರೆಯಿರಿ, ಒಂದೊಂದಕ್ಕೆ ಒಂದೊಂದು ಬಣ್ಣ. ಅಡಿಯಲ್ಲಿ ಟಿಶ್ಯೂ ಹಾಸಿ ನಂಬರ್ ಹಾಕಿ. ಹೊರಗೆ ಒಬ್ಬರು ಪೈಪ್ ಹಿಡಿಯಿರಿ, ಒತ್ತಡ ಬೇಡ, ಗಿಡಕ್ಕೆ ನೀರು ಬಿಟ್ಟಂತೆ. ತಗ್ಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ. ಮೇಲಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೇ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಆಗಲೂ ಸಿಗದಿದ್ದರೆ, ಎಲೆ ಊದುವ ಬ್ಲೋವರ್ ತಂದು ಕಿಟಕಿ, ಬಾಗಿಲಿಗೆಲ್ಲ ಟೇಪ್ ಹಚ್ಚಿ ಒಳಗೆ ಗಾಳಿ ತುಂಬಿಸಿ, ಹೊರಗೆ ಸೋಪಿನ ನೀರು ಬಳಿದರೆ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯವನ ವಿದ್ಯೆ, ಟ್ಯೂಬು ಮಾತ್ರ 30 ಅಡಿ.

ಅಲಮೀಡಾ_ಹಾಯಿ · ಜನವರಿ 18

ಸಿಕ್ಕಿತು!!

ಹೆಂಡತಿ ಮೇಲೆ ಪೈಪ್ ಹಿಡಿದು, ನಾನು ಕೆಳಗೆ ಲಾಕರಿನೊಳಗೆ ಮಗುಚಿ ಬಿದ್ದು, ಫೋನ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಂದೂವರೆ ಗಂಟೆ. ಲಾಕರ್ ಮೇಲಿನ ಸ್ಟ್ಯಾಂಚನ್ ಮೇಲೇ ನನ್ನ ಗುಮಾನಿ ಇತ್ತು. ಅದಕ್ಕೆ ಹತ್ತು ನಿಮಿಷ ನೀರು ಬಿಟ್ಟರೂ ಒಂದು ಚುಕ್ಕೆಯೂ ಇಲ್ಲ. ಅದರ ಮುಂದಿನದಕ್ಕೆ, ಅಂದರೆ ನಾಲ್ಕು ಅಡಿಗೂ ಹೆಚ್ಚು ಮುಂದೆ ಇರುವುದಕ್ಕೆ, ನೀರು ಬಿಟ್ಟ ಆರನೇ ನಿಮಿಷಕ್ಕೆ ಹಸಿರು ಉಂಗುರ ಮಸುಕಾಯಿತು. ಆಮೇಲೆ ಒಂದು ಹಸಿರು ಹನಿ ಬೋಲ್ಟಿನ ತುದಿಯಲ್ಲಿ ದಪ್ಪಗಾಗಿ, ಬೀಳದೆ, ಹಾಗೇ ಪಕ್ಕಕ್ಕೆ ಜಾರಿ ದೋಣಿಯ ಒಡಲೂ ಡೆಕ್ಕೂ ಸೇರುವ ಏಣಿನ ಮೇಲೆ ಹಿಂದಕ್ಕೆ ಹರಿಯಲು ಶುರು. ಇರುವೆ ಸಾಲಿನ ಥರ ಗೋಡೆ ಹಿಡಿದು ಬಂದು ನನ್ನ ಲಾಕರಿನ ಮೂಲೆಯಲ್ಲಿ ಇಳಿಯಿತು. ಎರಡು ತಿಂಗಳಿಂದ ನಾನು ಸಿಲಿಕಾನ್ ಬಳಿಯುತ್ತಿದ್ದದ್ದು ತಪ್ಪೇ ಮಾಡದ ಕಂಬಕ್ಕೆ.

ಬಡಿದು ನೋಡಿದೆ. ಹಸಿರು ಸ್ಟ್ಯಾಂಚನ್ ಸುತ್ತ ಅಂಗೈ ಅಗಲ ದೊಬ್ ದೊಬ್. ಬೇರೆಡೆ ಟಕ್ ಟಕ್. ಚೈನ್‌ಪ್ಲೇಟ್ ಎರಡು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ, ಬಿರುಕಿಲ್ಲ.

ಇದನ್ನು ಯಾವುದರಿಂದ ಕೂರಿಸಲಿ? ಇಲ್ಲಿ ಪಕ್ಕದ ದೋಣಿಯವರು 5200 ಅನ್ನುವ ಸೀಲೆಂಟ್ ಹಾಕು, ಜನ್ಮದಲ್ಲಿ ಸೋರುವುದಿಲ್ಲ ಅನ್ನುತ್ತಿದ್ದಾರೆ.

ಧಾರವಾಡದ_ಗಾಳಿ · ಜನವರಿ 18

ಹಸಿರು ಹನಿ ಕಥಿ ಭಾರಿ ಐತ್ರಿ. ಪಂಪಿನ ಮಾತು ವಾಪಸ್ ತಗೊಂಡೆ.

ಮಲ್ಪೆ_ಫೈಬರ್ · ಜನವರಿ 18

5200 ಅಂದ್ರೆ ಅಂಟು, ಸೀಲೆಂಟ್ ಮಾತ್ರ ಅಲ್ಲ. ಜನ್ಮದಲ್ಲಿ ಸೋರೂದಿಲ್ಲವೋ ಗೊತ್ತಿಲ್ಲ, ಜನ್ಮದಲ್ಲಿ ಬಿಚ್ಚಲಿಕ್ಕಂತೂ ಆಗೂದಿಲ್ಲ. ಮುಂದೆ ಬಿಚ್ಚುವವ ಫೈಬರಿನ ಪದರ ಕಿತ್ತುಕೊಂಡೇ ತೆಗೀಬೇಕು. ಎಂದೂ ಬಿಚ್ಚದ ಕಡೆಗೆ ಸರಿ. ಸ್ಟ್ಯಾಂಚನ್ ಅಂಥದ್ದಲ್ಲ.

ಸಿಯಾಟಲ್_ಸೋನೆ · ಜನವರಿ 18

ಬ್ಯೂಟೈಲ್ ಟೇಪ್. ಇದರಲ್ಲಿ ನಾನು ಮಡಿವಂತೆ, ಚರ್ಚೆಗೆ ಬರುವುದಿಲ್ಲ. ಎಂದೂ ಗಟ್ಟಿಯಾಗದ ಬೂದು ಅಂಟು ರಬ್ಬರು, ಕಂಬ ಅಲುಗಿದರೆ ತಾನೂ ಹಿಗ್ಗಿ ಕುಗ್ಗುತ್ತದೆ. ನೀರಿನ ಮಟ್ಟದ ಕೆಳಗೆ ಬೇಡ. ಡೀಸೆಲ್ ತುಂಬುವ ಮುಚ್ಚಳದ ಸುತ್ತ ಬೇಡ, ಕರಗಿಹೋಗುತ್ತದೆ. ಅಲ್ಲಿಗೆ ಪಾಲಿಸಲ್ಫೈಡ್ ಒಳ್ಳೆಯದು, ಆದರೆ ಅದೇ ಪಾಲಿಸಲ್ಫೈಡನ್ನು ಪ್ಲಾಸ್ಟಿಕ್ ಕಿಟಕಿಗೆ ಹಚ್ಚಿದರೆ ಪ್ಲಾಸ್ಟಿಕ್ಕೇ ಸೀಳು ಬಿಡುತ್ತದೆ.

ಹಾಕುವ ಮುಂಚೆ ಹಳೇ ಸಿಲಿಕಾನ್ ಒಂದೆಳೆಯೂ ಇರಬಾರದು. ಕಣ್ಣಿಗೆ ಕಾಣದ ಎಣ್ಣೆಯಂಥ ಪದರ ಬಿಟ್ಟಿರುತ್ತದೆ, ಅದರ ಮೇಲೆ ಯಾವ ದೇವರೂ ಅಂಟುವುದಿಲ್ಲ. ಬ್ಲೇಡಿನಿಂದ ಹೆರೆದು, ಒರಟು ಪೇಪರಿನಲ್ಲಿ ಉಜ್ಜಿ.

ಮಲ್ಪೆ_ಫೈಬರ್ · ಜನವರಿ 19

ಟೇಪ್ ಆಮೇಲೆ. ಮೊದಲು ಕೊಳೆತ ಮರ ತೆಗೀಬೇಕು. ಬೋಲ್ಟ್ ತೂತಿನ ಒಳಗೆ, ಒಂದು ಮೊಳೆಯ ತುದಿ ಬಗ್ಗಿಸಿ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿ. ಮೇಲಿನ ಕೆಳಗಿನ ಫೈಬರ್ ಹಾಗೇ ಉಳಿದು ನಡುವಿನ ಮರ ಮಾತ್ರ ಪುಡಿಯಾಗಿ ಬರ್ತದೆ. ಒಣ ಪುಡಿ, ಗಟ್ಟಿ ಮರ ಸಿಗುವವರೆಗೆ ಬಿಡಬೇಡಿ. ಮತ್ತೆ ಪೂರ್ತಿ ಒಣಗಿಸಿ. ಕೆಳಗಿನ ಬಾಯಿಗೆ ಟೇಪ್ ಹಚ್ಚಿ, ಮೊದಲು ತೆಳು ಎಪಾಕ್ಸಿ ಅಂಟು ಹಾಕಿ ಮರಕ್ಕೆ ಕುಡಿಸಿ, ಮತ್ತೆ ಫಿಲ್ಲರ್ ಪುಡಿ ಬೆರೆಸಿ ಗಟ್ಟಿ ಮಾಡಿದ್ದನ್ನು ತುಂಬಿ. ಗಟ್ಟಿಯಾದ ಮೇಲೆ ಆ ಎಪಾಕ್ಸಿ ನಡುವೆ ಬೋಲ್ಟಿನ ತೂತು ಹೊಸತಾಗಿ ಕೊರೀರಿ. ಇನ್ನು ಮುಂದೆ ನೀರು ಇಳಿದ್ರೂ ಮರಕ್ಕೆ ತಾಗೂದಿಲ್ಲ. ಬೊಗಸೆ ಅಗಲಕ್ಕಿಂತ ದೊಡ್ಡ ಕೊಳೆ ಆದ್ರೆ ಈ ಉಪಾಯ ಸಾಕಾಗೂದಿಲ್ಲ, ಮೇಲಿನ ಪದರ ಕೊಯ್ದು ಎತ್ತಬೇಕು.

ಅಲಮೀಡಾ_ಹಾಯಿ · ಜನವರಿ 27

ಎರಡು ವಾರಾಂತ್ಯದ ವರದಿ.

ಒಳಗಿಂದ ಬಂದ ಮರ ಮರದಂತಿರಲಿಲ್ಲ. ವರ್ಷಗಟ್ಟಲೆ ಭರಣಿಯಲ್ಲಿ ಮರೆತ ಹುಣಸೆಹಣ್ಣಿನ ಹಾಗೆ, ಕಪ್ಪಗೆ, ಹಿಂಡಿದರೆ ನೀರು. ನಾಲ್ಕು ತೂತಿನಿಂದ ಒಂದು ಲೋಟ ತುಂಬ ಬಂತು. ಒಣಗಿಸಲು ಹೇರ್ ಡ್ರೈಯರ್, ಟೆಂಟಿನಂತೆ ಟಾರ್ಪಾಲ್, ಐದು ದಿನ.

ಎಪಾಕ್ಸಿಯಲ್ಲಿ ಎಡವಟ್ಟು ಮಾಡಿಕೊಂಡೆ. ಚಳಿ ಇದೆ, ಬೇಗ ಗಟ್ಟಿಯಾಗಲಿ ಅಂತ ವೇಗದ ಹಾರ್ಡನರ್ ತಂದು, ಒಂದೇ ಸಲಕ್ಕೆ ದೊಡ್ಡ ಪ್ಲಾಸ್ಟಿಕ್ ಲೋಟದ ತುಂಬ ಬೆರೆಸಿದೆ. ಮೊದಲ ತೂತು ತುಂಬಿಸುವಷ್ಟರಲ್ಲಿ ಲೋಟ ಕೈ ಸುಡಲು ಶುರು. ನೋಡನೋಡುತ್ತಾ ಹೊಗೆ. ಹೆಂಡತಿ ಅದನ್ನು ಇಕ್ಕಳದಲ್ಲಿ ಎತ್ತಿ ಕಾಂಕ್ರೀಟಿನ ಮೇಲೆ ಇಟ್ಟಳು. ಲೋಟ ಕರಗಿ ಒಳಗಿದ್ದದ್ದು ಕಲ್ಲಾಗಿತ್ತು.

ಮಲ್ಪೆ_ಫೈಬರ್ · ಜನವರಿ 27

ಹ್ಹ ಹ್ಹ, ಎಲ್ಲರೂ ಒಂದು ಸಲ ಮಾಡಿದವರೇ. ಲೋಟದಲ್ಲಿ ರಾಶಿ ಬಿದ್ದರೆ ಅದರ ಬಿಸಿ ಅದಕ್ಕೇ ಏರ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಯಲ್ಲಿ ಹರಡಿ ಇಟ್ಟುಕೊಳ್ಳಿ. ಇಲ್ಲಿ ಏಪ್ರಿಲ್ ಸೆಕೆಯಲ್ಲಿ ನಾವು ಬೆಳಗ್ಗೆ ಬೇಗ ಶುರು ಮಾಡೂದು ಅದಕ್ಕೇ.

ಅಲಮೀಡಾ_ಹಾಯಿ · ಜನವರಿ 27

ಎರಡನೇ ಸಲ ಸರಿಹೋಯಿತು. ಬ್ಯೂಟೈಲನ್ನು ಚಕ್ಕುಲಿ ಹಿಟ್ಟಿನಂತೆ ಹೊಸೆದು ಪ್ರತಿ ಬೋಲ್ಟಿನ ಕುತ್ತಿಗೆಗೆ ಸುತ್ತಿದೆ. ತೂತಿನ ಬಾಯಿಯನ್ನು ಸ್ವಲ್ಪ ಇಳಿಜಾರು ಹೆರೆದಿದ್ದರಿಂದ ಅದು ಅಲ್ಲಿ ಉಂಗುರದಂತೆ ಕೂತಿತು. ಬೋಲ್ಟ್ ತಿರುಗಿಸದೆ ಕೆಳಗಿನ ನಟ್ ಮಾತ್ರ ತಿರುಗಿಸಿ ಅಂತ ಸಿಯಾಟಲ್ ಅಕ್ಕ ಫೋನಿನಲ್ಲಿ ಹೇಳಿದ್ದರು. ದಿನಕ್ಕೆ ಕಾಲು ಸುತ್ತಿನಂತೆ ಮೂರು ದಿನ ಬಿಗಿ ಮಾಡಿದೆ. ಬುಡದ ಸುತ್ತ ಬೂದು ಅಂಟು ನಿಧಾನಕ್ಕೆ ಹೊರಗೆ ಉಬ್ಬಿ ಬಂದದ್ದನ್ನು ನೋಡಿದರೆ ಏನೋ ಒಂಥರಾ ಸಮಾಧಾನ.

ಮುಂದೆ ಗ್ಲ್ಯಾಂಡ್. ಚೀಫ್ ಸರ್, ಇದನ್ನು ದೋಣಿ ನೀರಿನಲ್ಲಿರುವಾಗಲೇ ಮಾಡಬಹುದಾ? ಭಯ ಆಗುತ್ತಿದೆ.

ಕಾರವಾರದ_ಚೀಫ್ · ಜನವರಿ 28

ಮಾಡಬಹುದು, ಭಯ ಇಟ್ಟುಕೊಂಡೇ ಮಾಡು. ಭಯ ಇಲ್ಲದವರು ಎಂಜಿನ್ ರೂಮಿಗೆ ಬರಬಾರದು.

ಮೊದಲು ಬರೀ ಬಿಗಿ ಮಾಡಿ ನೋಡು. ಎರಡು ಸ್ಪ್ಯಾನರ್ ಬೇಕು, ಒಂದು ಲಾಕ್ ನಟ್ಟಿಗೆ, ಒಂದು ದೊಡ್ಡದಕ್ಕೆ. ಎಂಟನೇ ಒಂದು ಸುತ್ತು, ಅಷ್ಟೇ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಬೇಕು, ಆ ನೀರೇ ಅದಕ್ಕೆ ತಂಪು. ಒಂದೂ ಬೀಳದಂತೆ ಹಿಂಡಿದರೆ ನಾರು ಸುಟ್ಟು ಶಾಫ್ಟಿಗೆ ಗೀರು ಬೀಳುತ್ತದೆ, ಆಮೇಲೆ ಯಾವ ಪ್ಯಾಕಿಂಗೂ, ಅಂದರೆ ಆ ನಾರಿನ ಹಗ್ಗವೂ, ನೀರು ನಿಲ್ಲಿಸುವುದಿಲ್ಲ. ಎಂಜಿನ್ ನಿಂತಾಗ ಹನಿ ನಿಲ್ಲಬೇಕು. ಬಿಗಿ ಮಾಡಲು ಜಾಗವೇ ಉಳಿದಿಲ್ಲ ಅಂದರೆ ಪ್ಯಾಕಿಂಗ್ ಮುಗಿದಿದೆ, ಹೊಸದು ಹಾಕು.

ಅದಕ್ಕೂ ಮುಂಚೆ, ಗ್ಲ್ಯಾಂಡನ್ನು ಹಿಡಿದ ದಪ್ಪ ರಬ್ಬರ್ ಪೈಪನ್ನು ಹಿಚುಕಿ ನೋಡು. ಬಿರುಕು ಬಿಟ್ಟಿದ್ದರೆ, ಕ್ಲ್ಯಾಂಪಿಗೆ ತುಕ್ಕು ಹಿಡಿದಿದ್ದರೆ ಏನೂ ಮುಟ್ಟಬೇಡ. ಅದು ಹರಿದರೆ ಮುಳುಗುತ್ತೀ. ದೋಣಿ ಮೇಲೆತ್ತಿಸಿಯೇ ಮಾಡಬೇಕು.

ಪೈಪ್ ಚೆನ್ನಾಗಿದ್ದರೆ: ಪ್ಯಾಕಿಂಗ್ ಗಾತ್ರ ಅಂದಾಜಿನಲ್ಲಿ ತರಬೇಡ, ಶಾಫ್ಟಿಗೂ ನಟ್ಟಿನ ಒಳಗೋಡೆಗೂ ನಡುವಿನ ಸಂದಿ ಅಳೆ. ಅಷ್ಟೇ ದಪ್ಪದ ಶಾಫ್ಟಿನ ತುಂಡಿಗೆ ಸುತ್ತಿ ಓರೆಯಾಗಿ ಕತ್ತರಿಸಿ ಮೂರು ನಾಲ್ಕು ಉಂಗುರ ಮೊದಲೇ ಮಾಡಿಟ್ಟುಕೋ. ನಟ್ ಹಿಂದೆ ಸರಿಸಿದಾಗ ನೀರು ಬರುತ್ತದೆ, ಬಟ್ಟೆ ಸುತ್ತು. ಹಳೆಯದನ್ನು ಕೊಕ್ಕೆಯಲ್ಲಿ ಒಂದೆಳೆಯೂ ಬಿಡದೆ ತೆಗೆ. ಹೊಸ ಉಂಗುರಗಳ ಜೋಡಣೆ ಒಂದರ ಮೇಲೊಂದು ಬರಬಾರದು, ಮೂರನೇ ಒಂದು ಸುತ್ತು ಸರಿಸಿ ಸರಿಸಿ ಹಾಕು. ಪಂಪ್ ನಡೆಯುತ್ತಿರಲಿ, ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಎಂಜಿನ್ ಹಾಕಿ ನೋಡುವಾಗ ತೋಳು ಮಡಚು. ಪಂಚೆ ಉಟ್ಟು ಹೋಗಬೇಡ, ತಮಾಷೆಗೆ ಹೇಳುತ್ತಿಲ್ಲ.

ಅಲಮೀಡಾ_ಹಾಯಿ · ಫೆಬ್ರವರಿ 3

ಬಿಗಿ ಮಾಡಲು ಜಾಗ ಇರಲಿಲ್ಲ. ಹೊಸದೇ ಹಾಕಿದೆ. ನಟ್ ಬಿಚ್ಚಿದಾಗ ನಲ್ಲಿ ಅರ್ಧ ತಿರುಗಿಸಿದಷ್ಟು ನೀರು, ಕೈಕಾಲು ನಡುಗಿತು. ಹಳೇ ಪ್ಯಾಕಿಂಗ್ ಕಲ್ಲಿನಂತಾಗಿತ್ತು, ಒಂದು ಉಂಗುರ ತೆಗೆಯಲು ಇಪ್ಪತ್ತು ನಿಮಿಷ. ಇಡೀ ಹೊತ್ತಿನಲ್ಲಿ ಒಳಗೆ ಬಂದದ್ದು ಎರಡು ಬಕೆಟ್. ಈಗ ಎಂಜಿನ್ ನಿಂತಾಗ ಒಣ, ಓಡುವಾಗ ಎರಡು ಹನಿ. ನಿಲ್ಲಿಸಿ ಕೈಯಿಟ್ಟರೆ ಬರೀ ಉಗುರುಬೆಚ್ಚಗೆ.

ಅಲ್ಲೇ ಇದ್ದಾಗ ಇನ್ನೊಂದು ಕಣ್ಣಿಗೆ ಬಿತ್ತು. ಸಿಂಕಿನ ನೀರು ಹೊರಗೆ ಹೋಗುವ ವಾಲ್ವ್, ತೋಟದ ನಲ್ಲಿಯಂಥ ದುಂಡು ಹಿಡಿ ಇರುವುದು. ಸ್ಕ್ರೂಡ್ರೈವರಿನಿಂದ ಕೆರೆದರೆ ಹಳದಿ ಬರಲಿಲ್ಲ, ಗುಲಾಬಿ ಬಣ್ಣ.

ಕಾರವಾರದ_ಚೀಫ್ · ಫೆಬ್ರವರಿ 3

ಅದನ್ನು ಮುಟ್ಟಬೇಡ. ಮತ್ತೆ ಹೇಳುತ್ತೇನೆ, ತಿರುಗಿಸಲು ಹೋಗಬೇಡ. ಅದು ಕಂಚಲ್ಲ, ಹಿತ್ತಾಳೆ. ಕಡಲ ನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಬರೀ ತಾಮ್ರದ ಜಾಲರಿ ಉಳಿದಿದೆ, ಅದಕ್ಕೇ ಗುಲಾಬಿ. ಬಿಸ್ಕತ್ತಿನಂತೆ ಮುರಿಯುತ್ತದೆ. ಆ ಅಳತೆಯ ಮರದ ಬೆಣೆಯೊಂದನ್ನು ಇವತ್ತೇ ತಂದು ದಾರದಲ್ಲಿ ಅದಕ್ಕೇ ಕಟ್ಟು, ಮುರಿದರೆ ಬಡಿಯಲು. ದೋಣಿ ಮೇಲೆತ್ತಲು ದಿನ ಗೊತ್ತು ಮಾಡು. ಕಂಚಿನ ಸೀಕಾಕ್ ವಾಲ್ವ್ ಹಾಕಿಸು. ಮೊದಲೇ ಹೇಳಿದ್ದೆನಲ್ಲ, ನಿಮಿಷಕ್ಕೆ 140 ಲೀಟರ್, ಅದು ಈ ತೂತಿನ ಲೆಕ್ಕವೇ.

ಅಲಮೀಡಾ_ಹಾಯಿ · ಫೆಬ್ರವರಿ 3

ಬೆಣೆ ಕಟ್ಟಿದೆ. ಈ ತಿಂಗಳ 19ಕ್ಕೆ ಎತ್ತಲು ಯಾರ್ಡಿನಲ್ಲಿ ದಿನ ಸಿಕ್ಕಿತು. ಅಲ್ಲಿಯವರೆಗೆ ಸಿಂಕಿಗೆ ರಜೆ, ಪಾತ್ರೆ ಬಕೆಟ್ಟಿನಲ್ಲಿ.

ಸಿಯಾಟಲ್_ಸೋನೆ · ಫೆಬ್ರವರಿ 4

ಹುಡುಕಲು ಹೊರಟದ್ದು ಅಕ್ಕಿ ಒದ್ದೆಯಾಯಿತು ಅಂತ, ಸಿಕ್ಕಿದ್ದು ಇದು. ಟಿಶ್ಯೂಗಳನ್ನು ತೆಗೆಯಬೇಡಿ, ಇನ್ನೆರಡು ಮಳೆ ಹಾಗೇ ಇರಲಿ.

ಅಲಮೀಡಾ_ಹಾಯಿ · ಫೆಬ್ರವರಿ 9

ನಿನ್ನೆ ರಾತ್ರಿಯಿಡೀ ಮಳೆ, ಜೊತೆಗೆ ಗಾಳಿ. ಬೆಳಗ್ಗೆ ಆರಕ್ಕೇ ಹೋಗಿ ನೋಡಿದೆ. ಬಿಲ್ಜ್‌ನಲ್ಲಿ ಸ್ಪಂಜು ಒತ್ತಿದರೆ ಸ್ಪಂಜೇ ಒದ್ದೆಯಾಗಲಿಲ್ಲ. ಟಿಶ್ಯೂ ನಂಬರ್ ಒಂದರಿಂದ ಐದು, ಗರಿಗರಿ ಹಪ್ಪಳ.

ಆರನೆಯದು ಒದ್ದೆ. ಅದು ಎಡಗಡೆ, ಕಿಟಕಿ ಕೆಳಗೆ. ಮಗಳ ಸ್ಕೆಚ್ ಪೆನ್ನಿನಲ್ಲಿ ನೇರಳೆ ಇನ್ನೂ ಉಳಿದಿದೆ.